ಕೆಂಪೇ ಅದರ ಕಣಜ

ಕರಾವಳಿಯಲ್ಲಿ ಮಳೆ ಹಿಡಿದು ಹದಿನೈದು ದಿನ ಕಳೆಯುವುದರೊಳಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಕಾಲಿಟ್ಟರೆ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರಂತೂ ದಿನವೂ ಅದೇ ಭಯ. ಬ್ಲೀಚಿಂಗ್ ಪೌಡರ್ ಎರಚಿ, ಹಿಡಿಸೂಡಿಯಿಂದ ಉಜ್ಜಿ, ನೀರು ಹೊಯ್ದು ತೊಳೆಯುತ್ತೇವೆ. ಬಾವಿಕಟ್ಟೆ, ಮೆಟ್ಟಿಲು, ಮಾಡಿನ ಮೇಲಿನ ಟ್ಯಾಂಕಿ, ಎಲ್ಲ ಕಡೆಯಿಂದಲೂ ಪಾಚಿಯನ್ನು ಓಡಿಸುವುದೇ ನಮ್ಮ ಮಳೆಗಾಲದ ಕೆಲಸ. ಇಂಥ ಮಂಗಳೂರಿನಲ್ಲಿ ನಾನು ಚಾವಡಿಯ ಗೋಡೆಗೆ ಒತ್ತಿ ಒಂದು ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಹನ್ನೊಂದು ವರ್ಷಗಳಿಂದ ಪಾಚಿ ಸಾಕುತ್ತಿದ್ದೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ಆದರೂ ನೆರೆಮನೆಯ ಅಕ್ಕ ಮೊದಲ ಸಲ ಬಂದಾಗ, "ಟೀಚರೇ, ಮೀನಿನ ತೊಟ್ಟಿ ಇಷ್ಟು ಪಾಚಿ ಹಿಡಿಯುವವರೆಗೆ ಬಿಟ್ಟಿದ್ದೀರಲ್ಲ, ನಾನು ಬಂದು ತೊಳೆದುಕೊಡಬೇಕಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದ್ದರು. ಅವರನ್ನು ಹತ್ತಿರ ಕೂರಿಸಿ ದೀಪ ಹಾಕಿ ತೋರಿಸಿದೆ. ಅವರು ಅರ್ಧ ಗಂಟೆ ಎದ್ದು ಹೋಗಲಿಲ್ಲ.

ಬಾನುಲಿಯಲ್ಲಿ ಬಣ್ಣ ತೋರಿಸಲಾಗದು. ಹಾಗಾಗಿ ಅಕ್ಕ ಅಂದು ಕಂಡದ್ದನ್ನು ಮಾತಿನಲ್ಲಿ ಹೇಳುತ್ತೇನೆ. ತೊಟ್ಟಿಯ ಎಡಕ್ಕೆ, ಕಲ್ಲಿನ ಸಂದಿನಿಂದ ಅಂಗೈ ಅಗಲದ ಎಲೆಗಳು ಎದ್ದಿವೆ. ಅಂಚು ಹರಿದಂತೆ ಸೀಳುಸೀಳು, ಮೈ ನುಣುಪು. ಬೆಳಕು ಹಿಂದಿನಿಂದ ಬಿದ್ದರೆ ಕಿತ್ತಳೆ, ಮುಂದಿನಿಂದ ಬಿದ್ದರೆ ಕುಂಕುಮ. ಅದರ ಕುಲ ಹ್ಯಾಲಿಮೀನಿಯಾ. ಸಾಕುವವರು ಡ್ರ್ಯಾಗನ್ ಟಂಗ್ ಎನ್ನುತ್ತಾರೆ. ನಡುವೆ ಗ್ರಾಸಿಲೇರಿಯಾ. ಕವಲು ಕವಲಾಗಿ ಒಡೆದ ಗಟ್ಟಿ ಎಳೆಗಳು, ಒಣಗಿಸಿದ ಪುನರ್ಪುಳಿ ಸಿಪ್ಪೆಯ ಬಣ್ಣ. ಬಲಕ್ಕೆ ಬೋಟ್ರಿಯೋಕ್ಲೇಡಿಯಾ. ಸಣ್ಣ ಟೊಂಗೆಯ ಸುತ್ತ ಒಳಗೆ ರಸ ತುಂಬಿದ ಪುಟ್ಟ ಗುಳ್ಳೆಗಳು. ಥಟ್ಟನೆ ನೋಡಿದರೆ ಮಾಗಿದ ಕೇಪುಳ ಹಣ್ಣಿನ ಗೊಂಚಲು. ಈ ಮೂರಕ್ಕೂ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಮೂರೂ ಕೆಂಪು ಪಾಚಿಗಳು. ಇವುಗಳ ಬಳಗ ಎಷ್ಟು ಹಳೆಯದೆಂದರೆ, ಚಿತ್ರಕೂಟದ ಬಳಿಯ ವಿಂಧ್ಯದ ಬಂಡೆಗಳಲ್ಲಿ ಸಿಕ್ಕ ಸುಮಾರು 160 ಕೋಟಿ ವರ್ಷ ಹಿಂದಿನ ಪಳೆಯುಳಿಕೆಗಳನ್ನು 2017ರಲ್ಲಿ ವಿಜ್ಞಾನಿಗಳು ಕೆಂಪು ಪಾಚಿಗಳೆಂದೇ ಗುರುತಿಸಿದರು. ಒಂದಕ್ಕೆ ಊರಿನ ಹೆಸರನ್ನೂ ಸೇರಿಸಿ ರಾಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಎಂದು ಕರೆದಿದ್ದಾರೆ.

ನಮ್ಮ ಅಡುಗೆಮನೆಗೂ ಇವು ಹೊಸಬರಲ್ಲ. ಹಾಲಿಗೆ ಚೈನಾ ಗ್ರಾಸ್ ಹಾಕಿ ಪುಡ್ಡಿಂಗ್ ಮಾಡುತ್ತೇವಲ್ಲ, ಆ ಚೈನಾ ಗ್ರಾಸ್ ಎಂದರೆ ಅಗರ್. ಗ್ರಾಸಿಲೇರಿಯಾ, ಜೆಲಿಡಿಯಂ ಮುಂತಾದ ಕೆಂಪು ಪಾಚಿಗಳನ್ನು ಬೇಯಿಸಿ ತೆಗೆದ ಅಂಟು ಅದು.

ನನ್ನ ಮೊದಲ ಪಾಠ ಸೋಮೇಶ್ವರದ ರುದ್ರಪಾದೆಯಲ್ಲಿ ಆಯಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಇಳಿತದ ಹೊತ್ತಿಗೆ ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆ. ನಿವೃತ್ತಿಯಾದ ವರ್ಷ ಒಬ್ಬಳೇ ಹೋಗಿ, ಬಂಡೆಯಿಂದ ಒಂದು ಹಿಡಿ ಕೆಂಪು ಪಾಚಿ ಕಿತ್ತು ತಂದೆ. ಮರಳು, ಸಣ್ಣ ಏಡಿ ಎಲ್ಲ ಹೋಗಲಿ ಎಂದು ಬಾವಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಬಕೆಟ್ಟಿನ ನೀರು ತೆಳು ಗುಲಾಬಿಯಾಗಿತ್ತು. ಪಾಚಿಯ ತುದಿಗಳು ಪೇಲವವಾಗಿ, ಅಲ್ಲಲ್ಲಿ ಹಸಿರು ಕಾಣುತ್ತಿತ್ತು. ತೊಟ್ಟಿಗೆ ಹಾಕಿದ ಎಂಟನೆಯ ದಿನಕ್ಕೆ ಎಲ್ಲವೂ ಕರಗಿ ಲೋಳೆಯಾಯಿತು. ಪಾಠಪುಸ್ತಕದಲ್ಲಿ ನೂರು ಸಲ ಓದಿಸಿದ್ದೆ: ಕೆಂಪು ಪಾಚಿಯಲ್ಲಿಯೂ ಎಲ್ಲ ಗಿಡಗಳಂತೆ ಹಸಿರು ಹರಿತ್ತು ಇದೆ, ಅದರ ಮೇಲೆ ಫೈಕೋಎರಿತ್ರಿನ್ ಎಂಬ ಕೆಂಪು ಬಣ್ಣದ ಪ್ರೋಟೀನು ಕವಿದಿರುತ್ತದೆ, ಅದು ನೀರಿನಲ್ಲಿ ಕರಗುವಂಥದ್ದು. ಸಿಹಿನೀರು ಒಳನುಗ್ಗಿ ಜೀವಕೋಶಗಳು ಒಡೆದಾಗ ಕೆಂಪು ಸೋರಿಹೋಯಿತು, ಅಡಿಯ ಹಸಿರು ಬಯಲಾಯಿತು. ಓದಿಸುವಾಗ ಅದು ಎರಡು ಅಂಕದ ಪ್ರಶ್ನೆಯಾಗಿತ್ತು. ಬಕೆಟ್ಟಿನ ಎದುರು ಕುಳಿತಾಗ, ಒಂದು ಜೀವದ ಬಣ್ಣವನ್ನು ನಾನೇ ತೊಳೆದು ತೆಗೆದೆ ಎಂದು ಅನ್ನಿಸಿ ಬೇಸರವಾಯಿತು. ಅಂದಿನಿಂದ ಬಂಡೆಯ ಪಾಚಿಗೆ ನಾನು ಕೈ ಹಾಕಿಲ್ಲ. ಏರಿಳಿತದ ನಡುವೆ, ಬಿಸಿಲು ಅಲೆಗಳ ನಡುವೆ ಬೆಳೆದದ್ದು ತೊಟ್ಟಿಯಲ್ಲಿ ಸುಲಭಕ್ಕೆ ಬಾಳುವುದಿಲ್ಲ. ತೊಟ್ಟಿಯಲ್ಲೇ ಬೆಳೆದು ಒಗ್ಗಿದ ಒಂದು ತುಂಡನ್ನು ಸಾಕುವವರಿಂದ ಪಡೆಯುವುದೇ ಸರಿಯಾದ ದಾರಿ.

ಈಗ ಆ ಕೆಂಪಿನ ವಿಷಯ. ಸೂರ್ಯನ ಬೆಳಕು ಕಡಲಿಗೆ ಇಳಿಯುವಾಗ ಎಲ್ಲ ಬಣ್ಣಗಳೂ ಒಂದೇ ಆಳಕ್ಕೆ ಹೋಗುವುದಿಲ್ಲ. ಕೆಂಪು ಮೊದಲು ಸೋಲುತ್ತದೆ. ಹತ್ತು ಮೀಟರ್ ದಾಟುವುದರೊಳಗೆ ಅದು ಬಹುಪಾಲು ಇಂಗಿಹೋಗುತ್ತದೆ. ನೀಲಿ ಮತ್ತು ಹಸಿರು ಇನ್ನೂ ಕೆಳಗೆ ಇಳಿಯುತ್ತವೆ. ಹರಿತ್ತಿಗೆ ಹಸಿರು ಬೆಳಕನ್ನು ಹಿಡಿಯುವ ಚಾಕಚಕ್ಯ ಕಡಿಮೆ. ಫೈಕೋಎರಿತ್ರಿನ್ ಅದನ್ನೇ ಹಿಡಿದು ಹರಿತ್ತಿನ ಕೈಗೆ ದಾಟಿಸುತ್ತದೆ. ಹೀಗೆ ಬೇರೆಯವರು ಉಣ್ಣದೆ ಬಿಟ್ಟದ್ದನ್ನು ಉಂಡು ಕೆಂಪು ಪಾಚಿ ಬದುಕುತ್ತದೆ. 1984ರಲ್ಲಿ ಬಹಾಮಾಸ್ ದ್ವೀಪಗಳ ಬಳಿ ಜಲಾಂತರ್ಗಾಮಿಯಲ್ಲಿ ಇಳಿದ ವಿಜ್ಞಾನಿಗಳು 268 ಮೀಟರ್ ಆಳದ ಬಂಡೆಯ ಮೇಲೆ ಸುಣ್ಣದ ಪದರದಂತೆ ಹಬ್ಬಿದ್ದ ಕೆಂಪು ಪಾಚಿಯನ್ನು ಕಂಡರು. ನಮ್ಮ ಕಣ್ಣಿಗೆ ಬರಿಯ ಕತ್ತಲೆ ಎನಿಸುವ ಆಳ ಅದು.

ಇದನ್ನು ತಿಳಿದವರು ತೊಟ್ಟಿಯ ಮೇಲೆ ಕಣ್ಣು ಕುಕ್ಕುವ ದೀಪ ಹಾಕುವುದಿಲ್ಲ. ಹದವಾದ ಎಲ್‌ಇಡಿ ಸಾಕು, ದಿನಕ್ಕೆ ಎಂಟರಿಂದ ಹತ್ತು ಗಂಟೆ. ನನ್ನ ಹ್ಯಾಲಿಮೀನಿಯಾ ಕಲ್ಲಿನ ನೆರಳಿನಲ್ಲಿದ್ದಾಗಲೇ ಅತ್ಯಂತ ಕೆಂಪಾಗಿರುತ್ತದೆ. ದೀಪದ ನೇರ ಕೆಳಗೆ ಇಟ್ಟರೆ ಕಿತ್ತಳೆಗೆ ತಿರುಗುತ್ತದೆ, ಆಮೇಲೆ ತುದಿಯಿಂದ ಬಿಳಿಚುತ್ತದೆ.

ಆದರೆ ಬಿಳಿಚಿದ ಪಾಚಿಗೆಲ್ಲ ಬೆಳಕೇ ಕಾರಣ ಎಂದು ತಿಳಿದದ್ದು ನನ್ನ ಎರಡನೆಯ ತಪ್ಪು. ಇಂದು ನಿಮ್ಮೆದುರು ಮಾತಾಡಲು ಒಪ್ಪಿದ್ದೇ ಈ ಒಂದು ವಿಷಯ ಹೇಳಲಿಕ್ಕೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತೊಟ್ಟಿ ಹಾಕಿ ಎರಡನೆಯ ವರ್ಷ. ನೀರು ಸ್ಫಟಿಕದಂತಿರಬೇಕೆಂದು ನನ್ನ ಹಟ. ಕೊಳೆಯನ್ನು ನೊರೆಯಾಗಿ ಎತ್ತಿ ಹಾಕುವ ಸ್ಕಿಮ್ಮರ್ ಹಗಲೂ ರಾತ್ರಿ ಓಡುತ್ತಿತ್ತು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಚೀಲದಲ್ಲಿ ಕಟ್ಟಿ ಇಳಿಬಿಟ್ಟಿದ್ದೆ. ಮೀನು ಎರಡೇ, ಅವಕ್ಕೂ ಚಿಟಿಕೆ ಆಹಾರ. ಮೂರು ತಿಂಗಳಲ್ಲಿ ಗ್ರಾಸಿಲೇರಿಯಾ ಪುನರ್ಪುಳಿಯ ಬಣ್ಣ ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ಬಂತು. ಬೆಳಕು ಹೆಚ್ಚಾಯಿತೆಂದು ದೀಪ ಇಳಿಸಿದೆ. ಇನ್ನೂ ಸೊರಗಿತು. ನೀರು ಕೊಳಕಾಗಿದೆಯೇನೋ ಎಂದು ಮತ್ತಷ್ಟು ನೀರು ಬದಲಿಸಿದೆ. ಎಳೆಗಳು ಮುರಿದು ಬೀಳತೊಡಗಿದವು. ಕೊನೆಗೆ ನೀರು ಪರೀಕ್ಷಿಸುವ ಕಿಟ್ ತೆಗೆದು ನೋಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನಾನು ಶುಚಿಯ ಹೆಸರಿನಲ್ಲಿ ಅದನ್ನು ಉಪವಾಸ ಕೆಡವಿದ್ದೆ.

ಫೈಕೋಎರಿತ್ರಿನ್ ಬೆಳಕು ಹಿಡಿಯುವ ಬಣ್ಣ ಮಾತ್ರವಲ್ಲ, ಪ್ರೋಟೀನು. ಪ್ರೋಟೀನೆಂದರೆ ಸಾರಜನಕದ ದಾಸ್ತಾನು. ನೀರಿನಲ್ಲಿ ಸಾರಜನಕ ಸಾಕಷ್ಟಿದ್ದಾಗ ಪಾಚಿ ಅದನ್ನು ಹೀರಿ ಕೆಂಪು ಬಣ್ಣವಾಗಿ ಕೂಡಿಡುತ್ತದೆ. ನೀರು ಬರಿದಾದಾಗ ಆ ಕೆಂಪನ್ನೇ ಒಡೆದು ತಿಂದು ದಿನ ದೂಡುತ್ತದೆ. ಕಣಜದ ಭತ್ತ ತೆಗೆದು ಮಳೆಗಾಲ ಕಳೆಯುವ ಮನೆಯ ಹಾಗೆ. ನಮಗೆ ಅಲಂಕಾರವಾಗಿ ಕಾಣುವ ಬಣ್ಣ ಅದರ ಕಣಜ. ಕೆಂಪು ಗಾಢವಾಗಿದ್ದರೆ ಕಣಜ ತುಂಬಿದೆ ಎಂದು ಅರ್ಥ; ಹುಲ್ಲಿನ ಬಣ್ಣಕ್ಕೆ ಬಂದರೆ ತಳ ಕೆರೆಯುತ್ತಿದೆ ಎಂದು ಅರ್ಥ.

ಸ್ಕಿಮ್ಮರನ್ನು ರಾತ್ರಿ ಮಾತ್ರ ಓಡಿಸಿದೆ. ಹರಳಿನ ಚೀಲ ತೆಗೆದೆ. ಮೀನು ನಾಲ್ಕಾದವು, ಆಹಾರ ದಿನಕ್ಕೆ ಎರಡು ಹೊತ್ತಾಯಿತು. ಮೀನಿನ ಕಶ್ಮಲದಿಂದ ಅಮೋನಿಯಾ, ಅಮೋನಿಯಾದಿಂದ ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೇಟ್. ಅದು ಲೀಟರಿಗೆ ಐದು ಮಿಲಿಗ್ರಾಂ ಮುಟ್ಟಿದ ಮೂರು ವಾರಕ್ಕೆ ಗ್ರಾಸಿಲೇರಿಯಾದ ಬುಡದಲ್ಲಿ ಕೆಂಪು ಮೂಡಿತು. ಈಗ ನಾನು ನೈಟ್ರೇಟನ್ನು ಐದರಿಂದ ಹತ್ತು ಮಿಲಿಗ್ರಾಂ ನಡುವೆ, ಫಾಸ್ಫೇಟನ್ನು ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಉಳಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸುವುದರಿಂದ ಕಬ್ಬಿಣ, ಅಯೋಡಿನ್‌ನಂಥ ಚೂರುಪಾರು ಲವಣಗಳು ಹೊಸ ನೀರಿನೊಡನೆ ಬರುತ್ತವೆ. ಎಲೆಯ ಬಣ್ಣ ಮಂಕಾದ ದಿನ ದೀಪದ ಕಡೆ ಕೈ ಚಾಚುವ ಮೊದಲು ನೀರು ಪರೀಕ್ಷೆ ಮಾಡಿ. ಎರಡೂ ಕಾರಣಗಳಿಗೆ ರೋಗಲಕ್ಷಣ ಒಂದೇ, ಮದ್ದು ಮಾತ್ರ ಬೇರೆ.

ಅನ್ನ ಇದ್ದರೆ ಸಾಲದು, ಅದು ಎಲೆಯವರೆಗೆ ಬರಬೇಕು. ನಿಂತ ನೀರಿನಲ್ಲಿ ಪಾಚಿಯ ಮೈಗೆ ಅಂಟಿದ ತೆಳು ಪದರದ ಸಾರವೆಲ್ಲ ಬೇಗ ಮುಗಿದುಹೋಗುತ್ತದೆ. ಬಡಿಸುವವರು ಬಾರದ ಪಂಕ್ತಿಯಲ್ಲಿ ಕುಳಿತಂತೆ ಅದರ ಸ್ಥಿತಿ. ಹಾಗಾಗಿ ನೀರನ್ನು ಸುತ್ತಿಸುವ ಪಂಪ್ ಬೇಕು. ಗ್ರಾಸಿಲೇರಿಯಾ ಸೆಳೆತದಲ್ಲಿ ಉರುಳಾಡುತ್ತಾ ಚೆನ್ನಾಗಿ ಬೆಳೆಯುತ್ತದೆ. ಹ್ಯಾಲಿಮೀನಿಯಾದ ಎಲೆ ಮೃದು, ಪಂಪಿನ ಬಾಯಿಗೆ ನೇರ ಹಿಡಿದರೆ ಹರಿಯುತ್ತದೆ. ಅದು ಓಲಾಡುವಷ್ಟು ಹರಿವು ಸಾಕು. ಎಲೆಯ ಮೇಲೆ ಧೂಳು ಕೂತಿದ್ದರೆ ಹರಿವು ಸಾಲದು ಎಂದು ತಿಳಿಯಬಹುದು. ಅದೇ ಧೂಳಿನ ಮೇಲೆ ಹಸಿರು ಕೂದಲಿನಂಥ ಪಾಚಿ ಹತ್ತಿ ಕೆಂಪನ್ನು ಮುಚ್ಚಿಹಾಕುತ್ತದೆ. ಅಂಥ ತುದಿಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಗ್ರಾಸಿಲೇರಿಯಾದ ಒಳ್ಳೆಯ ತುಂಡುಗಳು ತಾವಾಗಿ ಹೊಸ ಪೊದೆಯಾಗುತ್ತವೆ.

ಕಡಲು ಹತ್ತು ನಿಮಿಷದ ದಾರಿಯಲ್ಲಿರುವಾಗ ಉಪ್ಪು ಯಾಕೆ ಕೊಳ್ಳುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಊರಿದು. ಮಳೆಗಾಲದಲ್ಲಿ ದಡದ ನೀರು ಕೆಸರಾಗಿ, ಉಪ್ಪು ಇಳಿದು, ದಿನಕ್ಕೊಂದು ಹದಕ್ಕೆ ಬರುತ್ತದೆ. ತೊಟ್ಟಿಗೆ ಬೇಕಾದದ್ದು ಒಂದೇ ಹದ. ಹಾಗಾಗಿ ಆರ್‌ಓ ನೀರಿಗೆ ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 36 ಗ್ರಾಂನಂತೆ ಕಲಸುತ್ತೇನೆ. ಅಡುಗೆಯ ಉಪ್ಪು ಆಗದು. ಕಡಲಿನ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ಸುಮಾರು 85 ಪಾಲು. ಮಿಕ್ಕ 15 ಪಾಲಿನ ಮೆಗ್ನೀಸಿಯಂ, ಸುಣ್ಣ, ಗಂಧಕ, ಪೊಟಾಸಿಯಂ ಇಲ್ಲದಿದ್ದರೆ ಅಲ್ಲಿ ಯಾವುದೂ ಬದುಕದು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ತೋರಿಸಬೇಕು. ನೀರು ಆವಿಯಾಗಿ ಇಳಿದಾಗ ಉಪ್ಪುನೀರು ಸುರಿಯಬೇಡಿ. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಒಳಗೇ ಉಳಿದಿದೆ. ಸಿಹಿನೀರನ್ನೇ ದಿನವೂ ಸ್ವಲ್ಪ ಸ್ವಲ್ಪ ತುಂಬಬೇಕು.

ನನ್ನ ತೊಟ್ಟಿ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 150 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಹೊಸಬರಿಗೆ ಕಷ್ಟ, ಏಕೆಂದರೆ ಸಣ್ಣ ತೊಟ್ಟಿಯಲ್ಲಿ ಉಪ್ಪಾಗಲಿ ಶಾಖವಾಗಲಿ ಒಂದೇ ಮಧ್ಯಾಹ್ನದಲ್ಲಿ ಏರುಪೇರಾಗುತ್ತದೆ. ನೀರಿನ ಶಾಖ 24ರಿಂದ 27 ಡಿಗ್ರಿ ಇರಬೇಕು. ಬೆಂಗಳೂರಿನವರಿಗೆ ವರ್ಷದ ಬಹುಪಾಲು ಇದು ತಾನಾಗಿ ಒದಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೂ ಗಾಳಿಯಲ್ಲಿಯೇ ತೇವ ತುಂಬಿರುವುದರಿಂದ ಹೆಚ್ಚು ತಣಿಯುವುದಿಲ್ಲ, ಚಿಲ್ಲರ್ ಇಡಲೇಬೇಕಾಯಿತು. ಕರೆಂಟು ಹೋದಾಗ ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪ್ ಒಂದು ಕೈಗೆ ಸಿಗುವಲ್ಲಿರಲಿ. ಕತ್ತಲಲ್ಲಿ ಪಾಚಿಯೂ ಮೀನಿನ ಹಾಗೆಯೇ ಆಮ್ಲಜನಕ ಉಸಿರಾಡುತ್ತದೆ.

ಜೊತೆಗೆ ಯಾರಿರಬೇಕು ಎನ್ನುವುದನ್ನು ನೋಡಿ ಆರಿಸಿ. ಸರ್ಜನ್ ಮೀನುಗಳಿಗೆ ಗ್ರಾಸಿಲೇರಿಯಾ ಪರಮಾನ್ನ; ಒಂದು ವಾರದಲ್ಲಿ ಬುಡ ಮಾತ್ರ ಉಳಿಯುತ್ತದೆ. ಕಡಲ ಮುಳ್ಳುಚೆಂಡುಗಳೂ ಹಾಗೆಯೇ. ನನ್ನಲ್ಲಿರುವುದು ಎರಡು ಕ್ಲೌನ್ ಮೀನು, ಎರಡು ಗೋಬಿ, ಒಂದಿಷ್ಟು ಸಣ್ಣ ಸಿಗಡಿ. ಕ್ಲೌನ್ ಮೀನುಗಳನ್ನು ನಮ್ಮ ದೇಶದಲ್ಲಿಯೇ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಾರೆ, ಕಡಲಿನಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವೇ ಇಲ್ಲ. ಮೀನಿಗೆ ರೋಗ ಬಂದಾಗ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಹಾಕಬಾರದು. ತಾಮ್ರ ಪಾಚಿಗೂ ವಿಷ, ಸಿಗಡಿಗೂ ವಿಷ. ಬೇರೆ ಪಾತ್ರೆಯಲ್ಲಿ ಚಿಕಿತ್ಸೆ ಮಾಡಿ.

ಹವಳ ಯಾಕಿಲ್ಲ ಎಂದು ಕೇಳುವವರಿದ್ದಾರೆ. ವಿದೇಶದ ವಿಡಿಯೋಗಳಲ್ಲಿ ಉಪ್ಪುನೀರಿನ ತೊಟ್ಟಿ ಎಂದರೆ ಹವಳ. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವಂಥದ್ದೇ ರಕ್ಷಣೆ ಅವಕ್ಕೂ ಇದೆ. ಸತ್ತ ಹವಳದ ತುಂಡನ್ನೂ ಕೊಳ್ಳಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿಯ ಸುತ್ತ ನಮ್ಮದೇ ಹವಳಗಳಿವೆ. ಅವು ಅಲ್ಲಿಯೇ ಇರಲಿ. ಮನುಷ್ಯರು ಮಾಡಿದ ಕೃತಕ ಕಲ್ಲಿನ ಮೇಲೆ ಕೆಂಪು ಪಾಚಿ ಬೆಳೆಸಿದರೆ ತೊಟ್ಟಿಗೆ ಬೇಕಾದ ಬಣ್ಣವೆಲ್ಲ ಸಿಗುತ್ತದೆ, ದಿಬ್ಬದಿಂದ ಒಂದು ಹರಳನ್ನೂ ಕದ್ದಂತಾಗುವುದಿಲ್ಲ.

ಕೆಂಪು ಪಾಚಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು ತಾಳ್ಮೆಯಿಂದ ನೋಡಿದ ಒಬ್ಬ ಹೆಣ್ಣುಮಗಳ ಕಥೆ ಹೇಳದೆ ಈ ಮಾತು ಮುಗಿಸಲಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಕ್ಯಾಥ್ಲೀನ್ ಡ್ರೂ ಬೇಕರ್ ಅವರು 1928ರಲ್ಲಿ ಮದುವೆಯಾದರು. ಮದುವೆಯಾದ ಹೆಂಗಸರಿಗೆ ಅಲ್ಲಿ ಕೆಲಸವಿರಲಿಲ್ಲ. ಸಂಬಳ ಹೋಯಿತು, ಅವರು ಸಂಶೋಧನೆ ಬಿಡಲಿಲ್ಲ. ಪೋರ್ಫೈರಾ ಎಂಬ ಕೆಂಪು ಪಾಚಿ ಬೇಸಿಗೆಯಲ್ಲಿ ಎಲ್ಲಿ ಮಾಯವಾಗುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಡ್ರೂ ಅದರ ಬೀಜಕಗಳನ್ನು ಚಿಪ್ಪುಗಳ ಜೊತೆ ಬೆಳೆಸಿದರು. ಬೀಜಕಗಳು ಚಿಪ್ಪನ್ನು ಕೊರೆದು ಒಳಹೊಕ್ಕು ಗುಲಾಬಿ ಎಳೆಗಳಾದವು. ಕಾಂಕೋಸೀಲಿಸ್ ಎಂಬ ಬೇರೆಯೇ ಹೆಸರು ಕೊಟ್ಟು ಬೇರೆಯೇ ಜೀವಿ ಎಂದು ಎಲ್ಲರೂ ತಿಳಿದಿದ್ದ ಎಳೆಗಳವು. ಅದು ಪೋರ್ಫೈರಾದ್ದೇ ಇನ್ನೊಂದು ರೂಪ. 1949ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಪುಟ್ಟ ಲೇಖನ ಬಂತು.

ಅದೇ ವರ್ಷಗಳಲ್ಲಿ ಜಪಾನಿನ ನೋರಿ ಬೆಳೆಗಾರರು ಕಂಗಾಲಾಗಿದ್ದರು. ನೋರಿ ಎಂದರೆ ಪೋರ್ಫೈರಾವನ್ನು ಹಾಳೆಯಂತೆ ಒಣಗಿಸಿದ ತಿನಿಸು. ಬಲೆ ಹಾಕಿ ಕಾಯುವುದಷ್ಟೇ ಅವರ ಕೈಯಲ್ಲಿತ್ತು, ಬೀಜ ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ. ಯುದ್ಧಾನಂತರ ಬೆಳೆ ನೆಲಕಚ್ಚಿತ್ತು. ಡ್ರೂ ಅವರ ಶೋಧ ಅಲ್ಲಿನ ವಿಜ್ಞಾನಿಗಳಿಗೆ ತಲುಪಿತು, ಚಿಪ್ಪುಗಳಲ್ಲಿಯೇ ಬೀಜ ಬೆಳೆಸಿ ಬಲೆಗೆ ಹತ್ತಿಸುವ ವಿಧಾನ ಹುಟ್ಟಿತು. ಡ್ರೂ 1957ರಲ್ಲಿ ತೀರಿಕೊಂಡರು. ಜಪಾನನ್ನು ಅವರು ಒಮ್ಮೆಯೂ ಕಂಡವರಲ್ಲ. 1963ರಲ್ಲಿ ಬೆಳೆಗಾರರು ಕುಮಾಮೊಟೊ ಪ್ರಾಂತ್ಯದ ಉಟೊ ಎಂಬ ಊರಿನಲ್ಲಿ, ಆರಿಯಾಕೆ ಕಡಲು ಕಾಣುವ ಕಡೆ ಅವರಿಗೊಂದು ಸ್ಮಾರಕ ನಿಲ್ಲಿಸಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ಅವರನ್ನು ನೆನೆಯುತ್ತಾರೆ. ನನ್ನ ತೊಟ್ಟಿಯ ತಳದಲ್ಲಿಯೂ ಮಳಿಯ ಚಿಪ್ಪೊಂದಿದೆ. ಸಂಜೆ ಅದನ್ನು ಕಂಡಾಗೆಲ್ಲ ಆ ತಾಯಿಯ ನೆನಪಾಗುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಸಾಕಿದ ಪಾಚಿ ಹೆಚ್ಚಾದಾಗ, ಪಾಪ ಬದುಕಿಕೊಳ್ಳಲಿ ಎಂದು ಕಡಲಿಗೆ ಬಿಡುವ ಮನಸ್ಸು ಬರುತ್ತದೆ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಒಂದು ಚದರ ಮೀಟರಿನಷ್ಟು ಕಂಡ ಅಕ್ವೇರಿಯಂನ ಹಸಿರು ಪಾಚಿ, ಕಾಲರ್ಪಾ, ಮುಂದೆ ಮೆಡಿಟರೇನಿಯನ್ ಕಡಲಿನ ಎಷ್ಟೋ ದಡಗಳನ್ನು ಮುಚ್ಚಿತು. ನಮ್ಮಲ್ಲಿಯೂ ಆಗಿದೆ. ಕೃಷಿಗೆಂದು ಹೊರಗಿನಿಂದ ತಂದು ಮಂಡಪಂ ಕಡೆ ಬೆಳೆಸಿದ ಕಪ್ಪಾಫೈಕಸ್ ಎಂಬ ಕೆಂಪು ಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಜೀವಂತ ಹವಳಗಳ ಮೇಲೆ ಹಬ್ಬಿರುವುದು 2008ರಲ್ಲಿ ವರದಿಯಾಯಿತು. ತುಂಡಿನಿಂದಲೇ ಪೊದೆಯಾಗುವ ಜೀವಕ್ಕೆ ಒಂದು ತುಂಡು ಸಾಕು.

ಆದ್ದರಿಂದ ಕತ್ತರಿಸಿದ್ದನ್ನು ಕಡಲಿಗಾಗಲಿ, ಹೊಳೆಗಾಗಲಿ, ಚರಂಡಿಗಾಗಲಿ ಹಾಕಬೇಡಿ. ತೊಟ್ಟಿಯ ನೀರು ಚೆಲ್ಲುವಾಗ ಬಟ್ಟೆಯಲ್ಲಿ ಸೋಸಿ. ಪಾಚಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ತೆಂಗಿನ ಬುಡಕ್ಕೆ ಹಾಕಿ. ನಮ್ಮ ಅಂಗಳದ ಎರಡು ತೆಂಗಿನ ಮರಗಳು ಹತ್ತು ವರ್ಷಗಳಿಂದ ಅದನ್ನು ಉಣ್ಣುತ್ತಿವೆ.